ಲೆಕ್ಕ ತಪ್ಪಿ ಹೇಳುವ ಪೆನ್‌ಡ್ರೈವ್

ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಕಡೆ ಪೆನ್‌ಡ್ರೈವ್ ಎಂದರೆ ಮೊದಲು ನೆನಪಾಗುವುದು ಟ್ರ್ಯಾಕ್ಟರಿನ ಟೇಪು. ಮೊಬೈಲ್ ಅಂಗಡಿಯಲ್ಲಿ ಜಾನಪದ ಹಾಡು ತುಂಬಿಸಿಕೊಂಡು ಬಂದರೆ ದಾರಿಯುದ್ದಕ್ಕೂ ಹಾಡುತ್ತದೆ. ಅದನ್ನೇ ಕಂಪ್ಯೂಟರಿಗೆ ಹಾಕಿದಾಗ ಒಮ್ಮೊಮ್ಮೆ ಗಪ್ಪನೆ ಕೂತುಬಿಡುತ್ತದೆ. 'ಕೆಟ್ಟೈತಿ, ಒಗೀರಿ' ಅನ್ನುತ್ತಾರೆ. ಕೆಟ್ಟಿರಬೇಕೆಂದೇನೂ ಇಲ್ಲ, ಕಂಪ್ಯೂಟರ್ ಕೇಳಿದ ಪ್ರಶ್ನೆಗೆ ಅದು ತಪ್ಪು ಉತ್ತರ ಕೊಟ್ಟಿರಬಹುದು.

ಇವೆರಡರ ನಡುವಿನ ಮಾತುಕತೆಗೆ ಕಟ್ಟುನಿಟ್ಟಿನ ನಿಯಮವಿದೆ. ಸಾಮಾನ್ಯ ಪೆನ್‌ಡ್ರೈವ್‌ಗೆ ಕಂಪ್ಯೂಟರ್ ಕೊಡುವ ಪ್ರತಿ ಆಜ್ಞೆಯೂ 31 ಬೈಟು, ಕೆಲಸ ಮುಗಿದ ಮೇಲೆ ಬರುವ ಉತ್ತರ 13 ಬೈಟು. ಆಜ್ಞೆಯಲ್ಲಿದ್ದ ಗುರುತಿನ ಸಂಖ್ಯೆಯೇ ಉತ್ತರದಲ್ಲೂ ಇರಬೇಕು. ಕಂಪ್ಯೂಟರಿನ ಕಡೆ ಇದನ್ನೆಲ್ಲ ನಡೆಸುವ ತಂತ್ರಾಂಶವೇ ಡ್ರೈವರ್.

ಪೆನ್‌ಡ್ರೈವ್ ಮಾಹಿತಿಯನ್ನು ಬ್ಲಾಕ್ ಎಂಬ ಖಾನೆಗಳಲ್ಲಿ ಇಡುತ್ತದೆ. ಶುರುವಿನಲ್ಲೇ ಡ್ರೈವರ್ ಕೇಳುವ ಒಂದು ಪ್ರಶ್ನೆ: ನಿನ್ನ ಕೊನೆಯ ಬ್ಲಾಕಿನ ಸಂಖ್ಯೆ ಎಷ್ಟು? ಎಣಿಕೆ ಸೊನ್ನೆಯಿಂದ ಆರಂಭ. ಹೀಗಾಗಿ 1000 ಬ್ಲಾಕುಗಳಿದ್ದರೆ ಕೊನೆಯದು 999. ಕೆಲವು ಸಾಧನಗಳು 1000 ಎಂದುಬಿಡುತ್ತವೆ. ಕೇಳಿದ್ದು ಕೊನೆಯ ಸಂಖ್ಯೆ, ಹೇಳಿದ್ದು ಒಟ್ಟು ಲೆಕ್ಕ. ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಾರ್ಟಿಷನ್ ವಿವರದ ನಕಲು ಡಿಸ್ಕಿನ ಕಟ್ಟಕಡೆಯ ಬ್ಲಾಕಿನಲ್ಲಿ ಇರುವುದುಂಟು. ಅದನ್ನು ಹುಡುಕಿಕೊಂಡು ಕಂಪ್ಯೂಟರ್ ಇಲ್ಲದ ಬ್ಲಾಕನ್ನು ಕೇಳುತ್ತದೆ. ಒಂದು ಸಾಧನ ದೋಷವೆಂದು ತಿಳಿಸಿ ಸುಧಾರಿಸಿಕೊಂಡರೆ, ಇನ್ನೊಂದು ಕಿತ್ತು ಮತ್ತೆ ಹಾಕುವವರೆಗೂ ಅಲುಗುವುದಿಲ್ಲ. (32 ಜಿಬಿ ಎಂದು ಬರೆದು ಒಳಗೆ 4 ಜಿಬಿ ಚಿಪ್ ಇಟ್ಟು ಮಾರುವ ನಕಲಿ ಮಾಲು ಬೇರೆ, ಅದಕ್ಕೆ ಯಾವ ಡ್ರೈವರಿನಲ್ಲೂ ಮದ್ದಿಲ್ಲ.)

ಲೆಕ್ಕ ತಪ್ಪಿ ಹೇಳುವುದು ಅಗ್ಗದ ಮಾಲಿನ ದೋಷ ಮಾತ್ರವೆಂದು ತಿಳಿಯಬೇಡಿ. ಒಂದು ಕಾಲದಲ್ಲಿ ಫೋಟೋಗ್ರಾಫರುಗಳ ಮೆಚ್ಚಿನದಾಗಿದ್ದ ನಿಕಾನ್ ಡಿ80 ಕ್ಯಾಮೆರಾ, ಆ್ಯಪಲ್ಲಿನ ಹಳೆಯ ಐಪಾಡ್‌ಗಳು ಕೂಡ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಇಟ್ಟುಕೊಂಡಿರುವ ಇಂಥ ಸಾಧನಗಳ ಪಟ್ಟಿಯಲ್ಲಿವೆ. 'ಅನ್‌ಯೂಶುವಲ್ ಡೆವ್ಸ್' ಎಂಬ ಆ ಕಡತದ ಒಂದೊಂದು ನಮೂದಿನಲ್ಲೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ಕೊನೆಗೆ ಒಂದು ಸೂಚನೆ: ಇದು ಹೇಳಿದ ಲೆಕ್ಕದಲ್ಲಿ ಒಂದು ಕಳೆ; ಇದರೊಡನೆ ನಿಧಾನವಾಗಿ ಮಾತಾಡು; ಇದರಿಂದ ಒಮ್ಮೆಗೆ 64 ಸೆಕ್ಟರಿಗಿಂತ ಹೆಚ್ಚು ಕೇಳಬೇಡ. ಇಂಟರ್ನೆಟ್ ಡಾಂಗಲ್ಲುಗಳ ಕಾಲದ ಹುವಾವೇ ಇ220 ಮೊದಲು ಸಿಡಿ ಡ್ರೈವಿನ ವೇಷದಲ್ಲಿ ಬರುತ್ತಿತ್ತು. ಅದನ್ನು ಮೋಡೆಮ್ ಆಗಿಸುವ ಆಜ್ಞೆಯೂ ಈ ಡ್ರೈವರಿನಲ್ಲೇ ಇದೆ.

ಸಾಧನದ ತಪ್ಪಿಗೆ ಡ್ರೈವರ್ ಏಕೆ ಬಗ್ಗಬೇಕು? ಚಿಪ್ಪಿನೊಳಗಿನ ತಂತ್ರಾಂಶವನ್ನು ಕೊಂಡವರು ತಿದ್ದಲಾರರು. ವಿಂಡೋಸ್‌ನಲ್ಲಿ ಓಡಿದರೆ ಸಾಕೆಂದ ತಯಾರಕರು ಅಷ್ಟರಲ್ಲಿ ಮುಂದಿನ ಮಾದರಿಗೆ ಹೋಗಿರುತ್ತಾರೆ. ಬಗ್ಗುವುದೇ ಸರಿ ಎನ್ನುವವನು ನಾನು. ಕಾಸರಗೋಡಿನ ಕನ್ನಡ ಶಾಲೆಗಳ ಲಿನಕ್ಸ್ ಕಂಪ್ಯೂಟರುಗಳಿಂದ ಹಿಡಿದು ನಮ್ಮ ಕೈಯ ಆಂಡ್ರಾಯ್ಡ್ ಫೋನಿನವರೆಗೆ ಎಲ್ಲಕ್ಕೂ ಆಧಾರ ಇದೇ ಕರ್ನಲ್. ಒಬ್ಬರು ದೂರು ಕೊಟ್ಟು ಸೇರಿಸಿದ ಸಾಲು ಎಲ್ಲರ ಕೆಲಸಕ್ಕೂ ಬರುತ್ತದೆ.

ನಿಮ್ಮ ಪೆನ್‌ಡ್ರೈವ್ ಲಿನಕ್ಸಿನಲ್ಲಿ ಹಟ ಹಿಡಿದರೆ ಒಗೆಯುವ ಮೊದಲು 'ಎಲ್‌ಎಸ್‌ಯುಎಸ್‌ಬಿ' (lsusb) ಆಜ್ಞೆ ಕೊಡಿ. ಅದು ತೋರಿಸುವ ತಯಾರಕರ ಮತ್ತು ಮಾದರಿಯ ಸಂಖ್ಯೆಗಳ ಜೊತೆಗೆ ತೊಂದರೆಯ ವಿವರವನ್ನೂ ಬರೆದು ಕರ್ನಲ್ ನಿರ್ವಾಹಕರಿಗೆ ಕಳಿಸಿ.