ನಿಮಗಿದು ಗೊತ್ತೆ? ಬೆರಳಿಗೆ ಗೊತ್ತಿದ್ದ ಕೀಲಿಯೇ ಗೆದ್ದಿತು
ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮನೆ ತಲುಪಿದ ಕನ್ನಡ ಕೀಲಿಮಣೆಯ ಜಾಣತನ ಇರುವುದು ಹಳೆಯದನ್ನು ಕದಲಿಸದೆ ಬಿಟ್ಟದ್ದರಲ್ಲಿ. ಇಂಗ್ಲಿಷ್ ಟೈಪಿಂಗ್ ಬಲ್ಲವರು ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಒತ್ತಕ್ಷರಕ್ಕೆಲ್ಲ ‘ಎಫ್’ ಒಂದೇ ಕೊಂಡಿ. ‘ಸ್ತ್ರೀ’ ಬೇಕೆಂದರೆ ಎಸ್, ಎಫ್, ಟಿ, ಎಫ್, ಆರ್, ಕೊನೆಗೆ ಶಿಫ್ಟ್ ಜತೆ ಐ; ಶಾಲೆಯಲ್ಲಿ ಅಕ್ಷರ ಬಿಡಿಸಿ ಕಲಿತ ಕ್ರಮವೇ ಇದು. (ಆದರೆ ಟ ‘ಕ್ಯೂ’ ಕೀಲಿಗೆ ಹೋಗಿದೆ; ಅಷ್ಟು ರಾಜಿ ಅನಿವಾರ್ಯ.)

ಚಂದಗಡದಂಥ ಗಡಿ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ ಎರಡನ್ನೂ ಬರೆಯುವವರು ತಕರಾರು ತೆಗೆಯಬಹುದು. 1991ರ ಭಾರತೀಯ ಮಾನಕದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎರಡೂ ಲಿಪಿಯ ತ ‘ಎಲ್’ನಲ್ಲಿ, ರ ‘ಜೆ’ಯಲ್ಲಿ, ಒಮ್ಮೆ ಕಲಿತರೆ ಎರಡು ಭಾಷೆಗೂ ಸಾಕಲ್ಲವೆ? ಮಾತು ಸರಿಯೇ. ದಿನವಿಡೀ ಟೈಪ್ ಮಾಡುವವರಿಗೆ ಆ ಕಲಿಕೆ ಲಾಭ. ಆದರೆ ಅಪರೂಪಕ್ಕೊಂದು ಅರ್ಜಿ ಬರೆಯುವವರಿಗೆ ಕಲಿಯುವ ಖರ್ಚೇ ಹೆಚ್ಚು. ಅಲ್ಲದೆ ಪರಿಚಿತ ಕೀಲಿಯ ಉಪಾಯ ಕನ್ನಡಕ್ಕಷ್ಟೇ ನಿಂತಿಲ್ಲ: ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ‘ಕಗಪ’ ವಿನ್ಯಾಸ ಕನ್ನಡದ ಜತೆಗೆ ಮರಾಠಿಗೂ ಇದೆ.