ಹಿಂಡಿದ ಕೆಸರು, ಜಾರಿದ ಬೆಟ್ಟ

ತೊಳೆದ ಸ್ಟೀಲ್ ಲೋಟವನ್ನು ಒದ್ದೆ ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿದಾಗ, ಯಾರೂ ಮುಟ್ಟದೆ ಅದು ತಾನಾಗಿ ಜಾರುವುದನ್ನು ನೀವು ಕಂಡಿರಬಹುದು. ನೀರು ಹರಿದುಹೋಗಲೆಂದು ಮೇಸ್ತ್ರಿ ಕೊಟ್ಟ ವಾಟ ತೀರಾ ಅಲ್ಪ. ಅಷ್ಟಕ್ಕೆಲ್ಲ ಲೋಟ ಜಾರಬಾರದು. ಆದರೆ ಒಳಗೆ ಸಿಕ್ಕಿಬಿದ್ದ ಗಾಳಿ ಬೆಚ್ಚಗಾಗಿ ಹಿಗ್ಗುತ್ತದೆ, ಅಂಚಿನ ನೀರು ಅದನ್ನು ಹೊರಬಿಡುವುದಿಲ್ಲ. ಲೋಟದ ಭಾರವನ್ನು ಗಾಳಿಯೇ ಹೊತ್ತುಕೊಂಡ ಮೇಲೆ ಕಟ್ಟೆಯ ಹಿಡಿತ ಸಡಿಲ.

1959ರಲ್ಲಿ ಅಮೆರಿಕದ ಭೂವಿಜ್ಞಾನಿಗಳಾದ ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ ಇದೇ ಆಟವನ್ನು ತಣ್ಣಗಿನ ಖಾಲಿ ಬಿಯರ್ ಕ್ಯಾನ್ ಮತ್ತು ಒದ್ದೆ ಗಾಜಿನೊಂದಿಗೆ ಆಡಿ ತೋರಿಸಿದರು. ಸಾಮಾನ್ಯವಾಗಿ ಜಾರಲು 17 ಡಿಗ್ರಿ ಓರೆ ಬೇಡುತ್ತಿದ್ದ ಕ್ಯಾನ್ ಸುಮಾರು 1 ಡಿಗ್ರಿಗೇ ಹೊರಟಿತು. ಅವರ ಕಣ್ಣಿದ್ದದ್ದು ಬೆಟ್ಟಗಳ ಮೇಲೆ. ಹತ್ತಾರು ಕಿಲೋಮೀಟರ್ ಉದ್ದದ ಬಂಡೆಯ ಹಾಸುಗಳು ಪುಡಿಯಾಗದೆ ಇನ್ನೊಂದು ಬಂಡೆಯ ಮೇಲೆ ಸರಿದುಹೋದದ್ದು ಹೇಗೆ? ಬಂಡೆಯ ಪೊಳ್ಳುಗಳಲ್ಲಿ ಸಿಕ್ಕಿಕೊಂಡ ನೀರು ಹೊರೆ ಹೊತ್ತದ್ದರಿಂದ ಎಂದರು ಅವರು.

ಆ ನೀರಿನ ತವರು ಹೂಳು. ನದಿ ತಂದು ಸುರಿಯುವ ಹಸಿ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ಮೇಲೆ ಪದರ ಬಿದ್ದಂತೆಲ್ಲ ಅದು ಹಿಂಡಿಹೋಗಬೇಕು. ಇಸ್ತಾಂಬುಲ್‌ನಲ್ಲಿ ಪಾಠ ಹೇಳುತ್ತ ಜೇಡಿಯನ್ನು ಒತ್ತಿ ನೋಡುತ್ತಿದ್ದ ಕಾರ್ಲ್ ಟೆರ್ಜಾಗಿ 1925ರ ತನ್ನ ಪುಸ್ತಕದಲ್ಲಿ ಇದರ ಗುಟ್ಟು ಬಿಡಿಸಿದ: ಹೊರೆಯನ್ನು ಕಣಗಳೂ ನೀರೂ ಹಂಚಿಕೊಳ್ಳುತ್ತವೆ, ನೀರು ಹೊರಬಿದ್ದಷ್ಟೇ ಜೇಡಿ ಕುಗ್ಗುತ್ತದೆ. 1930ರಲ್ಲಿ ಭೂವಿಜ್ಞಾನಿ ಲಾರೆನ್ಸ್ ಆತಿ ಒಕ್ಲಹೋಮದ ಜೇಡಿಶಿಲೆಗಳನ್ನು ಅಳೆದು, ಆಳಕ್ಕೆ ಹೋದಂತೆ ಪೊಳ್ಳು ಹೇಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಸರಳ ಸೂತ್ರ ಕೊಟ್ಟ.

ಉತ್ತರ ಸಮುದ್ರದ ಬಾವಿಗಳಿಂದ ಭೂವಿಜ್ಞಾನಿಗಳಾದ ಸ್ಕ್ಲೇಟರ್ ಮತ್ತು ಕ್ರಿಸ್ಟಿ 1980ರಲ್ಲಿ ಒದಗಿಸಿದ ಅಂಕಿಗಳನ್ನು ಆ ಸೂತ್ರಕ್ಕೆ ಹಾಕಿ ನೋಡಿ. ಮೇಲ್ಮೈಯಲ್ಲಿ ಶೇ 63ರಷ್ಟು ಪೊಳ್ಳಿದ್ದ ಜೇಡಿ 3 ಕಿಲೋಮೀಟರ್ ಆಳದಲ್ಲಿ ಶೇ 14ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಅಲ್ಲಿ ಸಿಕ್ಕ 1 ಮೀಟರ್ ಜೇಡಿಶಿಲೆ ಒಂದು ಕಾಲಕ್ಕೆ ಸುಮಾರು 2.3 ಮೀಟರ್ ಕೆಸರು. ಮರಳಾದರೆ ಒಂದೂವರೆ ಮೀಟರ್. ಈ ಲೆಕ್ಕ ಗೊತ್ತಿದ್ದರೆ ಮೇಲಿನ ಪದರವೊಂದನ್ನು ಕಾಗದದ ಮೇಲೆ ಕಿತ್ತು, ಕೆಳಗಿನದನ್ನು ಮತ್ತೆ ಉಬ್ಬಿಸಿ, ಹೂಳು ತುಂಬಿದ ತಗ್ಗು (ಭೂವಿಜ್ಞಾನಿಗಳ ಬಾಯಲ್ಲಿ ‘ಬೇಸಿನ್’) ಯಾವಾಗ ಎಷ್ಟು ಕುಸಿಯಿತು ಎಂದು ಹಿಂದಕ್ಕೆ ನಡೆಯಬಹುದು. ಈ ವಿದ್ಯೆಯಲ್ಲಿ ನನಗೆ ಹಿಡಿಸುವುದು ಅದರ ಜಿಪುಣತನ. ನೀರು ಹೋಗಬಹುದು, ಒಂದು ಕಣವೂ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ.

ಆದರೆ ಈ ಸೂತ್ರ ತಲೆಯ ಮೇಲಿನ ಹೊರೆಯನ್ನು ಮಾತ್ರ ಬಲ್ಲದು. ನೆಲ ಪಕ್ಕದಿಂದಲೂ ಒತ್ತುತ್ತದೆ.

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಮುತ್ತ ನೂರು ಕೋಟಿ ವರ್ಷಕ್ಕೂ ಹಳೆಯ ಕಲಾದಗಿ ತಗ್ಗಿನ ಕೆಳಪದರಗಳು ಮಡಿಚಿಕೊಂಡು ಓರೆಯಾಗಿ ನಿಂತಿವೆ. ಅವುಗಳ ಮೇಲೆ ಆಮೇಲೆ ಬಿದ್ದ ಮರಳುಗಲ್ಲು, ಚಾಲುಕ್ಯರು ಬಾದಾಮಿಯ ಮೇಣಬಸದಿಗಳನ್ನು ಕೊರೆದ ಅದೇ ಕಲ್ಲು, ಹಾಸಿದ ಚಾಪೆಯಂತೆ ಹೆಚ್ಚುಕಡಿಮೆ ಮಟ್ಟಸವಾಗಿದೆ. ಮಡಿಕೆಗಳಿಗೆ ಪಕ್ಕದ ಒತ್ತಡ ಕಾರಣವೋ, ಪದರಗಳು ತಳದ ಬಂಡೆಯ ಮೇಲೆ ನಮ್ಮ ಲೋಟದಂತೆ ಜಾರಿ ಮುದುಡಿದವೋ ಎಂಬ ಚರ್ಚೆ ಭೂವಿಜ್ಞಾನಿಗಳಲ್ಲಿದೆ. ಇಲ್ಲಿ ಆತಿಯ ಸೂತ್ರವನ್ನು ನೇರವಾಗಿ ಹಾಕಿದರೆ ಮೋಸಹೋಗುತ್ತೇವೆ. ಈ ಕೆಳಪದರಗಳ ಬೆಣಚುಗಲ್ಲುಗಳ ಪೊಳ್ಳನ್ನು ಹೊರೆಯ ಜೊತೆಗೆ ಸಿಲಿಕದ ಬೆಸುಗೆಯೂ ತುಂಬಿದೆ.

ಪಕ್ಕದ ಒತ್ತಡವನ್ನು ಜೀವಂತವಾಗಿ ನೋಡಬೇಕೆಂದರೆ ಜಪಾನಿನ ನಾಂಕಾಯ್ ಕಂದಕಕ್ಕೆ ಹೋಗಬೇಕು. ಅಲ್ಲಿ ಫಿಲಿಪೀನ್ ಸಮುದ್ರದ ಭೂಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಜಪಾನಿನ ಅಡಿಗೆ ನುಗ್ಗುತ್ತಿದೆ. ಅದರ ಬೆನ್ನ ಮೇಲಿನ ಹೂಳು, ಒಕ್ಕುವ ಕಣದಲ್ಲಿ ಹಲಗೆಯಿಂದ ದೂಡಿದ ಕಾಳಿನಂತೆ, ಕೆರೆದುಬಂದು ಬೆಣೆಯಾಕಾರದ ರಾಶಿಯಾಗುತ್ತದೆ. ಇಂಥ ಕಡೆ ಅದೇ ಆಳದ ಜೇಡಿ ಪ್ರಶಾಂತ ತಗ್ಗಿನ ಜೇಡಿಗಿಂತ ಹೆಚ್ಚು ಹಿಂಡಿಹೋಗಿರುತ್ತದೆ. ಅಪಾಯವಿರುವುದೂ ಅಲ್ಲೇ. ‘ಪೊಳ್ಳು ಇಷ್ಟು ಕಡಿಮೆಯಿದೆ, ಅಂದಮೇಲೆ ನೀರು ಹೊರಟುಹೋಗಿದೆ, ಒತ್ತಡವೂ ಕಡಿಮೆ’ ಎಂದು ಮೇಲಿನ ಹೊರೆಯೊಂದನ್ನೇ ನಂಬಿ ಬಾವಿ ಕೊರೆಯುವವರು ಒಳಗಿನ ನೀರಿನ ಒತ್ತಡವನ್ನು ಕಡಿಮೆ ಅಂದಾಜಿಸಿಬಿಡುತ್ತಾರೆ.

ಆದ್ದರಿಂದಲೇ ಕಂಪ್ಯೂಟರಿನಲ್ಲಿ ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಮಾದರಿಗಳು ಬಂದವು. ಪ್ರತಿ ಹೆಜ್ಜೆಗೂ ಒಂದಿಷ್ಟು ಹೂಳು ಸುರಿ, ಗೋಡೆಯನ್ನು ಒಂದಿಷ್ಟು ಒಳಕ್ಕೆ ತಳ್ಳು, ನೀರು ಎಲ್ಲಿಗೆ ಹರಿಯುತ್ತದೆ ನೋಡು. ಕಷ್ಟವೆಂದರೆ ಎಲ್ಲವೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಪೊಳ್ಳು ಕುಗ್ಗಿದರೆ ನೀರಿನ ದಾರಿ ಕಿರಿದಾಗುತ್ತದೆ, ದಾರಿ ಕಿರಿದಾದರೆ ನೀರು ಒಳಗೇ ಉಳಿಯುತ್ತದೆ, ಉಳಿದ ನೀರು ಹೊರೆ ಹೊತ್ತು ಕುಗ್ಗುವುದನ್ನೇ ತಡೆಯುತ್ತದೆ. ಮಡಿಕೆ ಬಲವಾದಾಗ ಚೌಕಗಳು ತಿರುಚಿ ಲೆಕ್ಕವೇ ಕೈಕೊಡುತ್ತದೆ. ಆಗ ಚೌಕಗಳ ಹಳೆಯ ಬಲೆ ಬಿಚ್ಚಿ ಹೊಸದು ಹೆಣೆಯಬೇಕು. ಕೊನೆಗೆ ತೆರೆಯ ಮೇಲೆ ಮೂಡುವ ಬಣ್ಣದ ಚಿತ್ರ ಎಷ್ಟು ಚೆನ್ನಾಗಿರುತ್ತದೆಂದರೆ, ಮಾಡಿದವರೇ ಅದನ್ನು ನಂಬಿಬಿಡುವ ಭಯವಿದೆ.

ನಂಬಬೇಕಾದರೆ ಒಳಗಿನ ಕಲ್ಲು ಕೈಗೆ ಸಿಗಬೇಕು. ಜಪಾನಿನ ‘ಚಿಕ್ಯು’ ಹಡಗು 2018ರ ಅಕ್ಟೋಬರ್‌ನಲ್ಲಿ ಹೊರಟದ್ದು ಅದಕ್ಕೇ. ನಾಂಕಾಯ್‌ನ ಸಮುದ್ರತಳದಿಂದ ಸುಮಾರು 5,200 ಮೀಟರ್ ಕೆಳಗಿನ, ಫಲಕಗಳ ಗಡಿಯ ಬಿರುಕಿನವರೆಗೆ ಕೊರೆಯುವ ಉದ್ದೇಶ ಅದರದಾಗಿತ್ತು. ಮರುವರ್ಷ ಕೊರೆತ ನಿಂತಾಗ ಅಳತೆ 3,262.5 ಮೀಟರ್. ವೈಜ್ಞಾನಿಕ ಸಮುದ್ರ ಕೊರೆತದಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಉಳಿದ ಸುಮಾರು ಎರಡು ಕಿಲೋಮೀಟರ್ ಇನ್ನೂ ಚೌಕಗಳ ಲೆಕ್ಕದಲ್ಲೇ ಇದೆ.