ಹೊಟ್ಟೆಪಾಡಿಗೊಂದು ಚಿತ್ರ, ಊರಿಗೊಂದು ಚಿತ್ರ

ಸಿಡುಬಿನ ವಿರುದ್ಧ ಕೊನೆಯ ಸಮರ ನಡೆಯುತ್ತಿದ್ದ 1970ರ ದಶಕದಲ್ಲಿ ಬಿಹಾರ, ಉತ್ತರ ಪ್ರದೇಶಗಳ ಹಳ್ಳಿ ಸುತ್ತುತ್ತಿದ್ದ ಆರೋಗ್ಯ ಕಾರ್ಯಕರ್ತರ ಜೋಳಿಗೆಯಲ್ಲಿ ಎರಡು ವಸ್ತುಗಳು ಇರುತ್ತಿದ್ದವು. ಒಂದು, ತುದಿ ಕವಲೊಡೆದ ಲಸಿಕೆಯ ಸೂಜಿ. ಇನ್ನೊಂದು, ಮೈತುಂಬ ಗುಳ್ಳೆಯೆದ್ದ ಮಗುವಿನ ಫೋಟೊ ಅಚ್ಚಾಗಿದ್ದ ಒಂದು ಕಾರ್ಡು. ಸಂತೆಯಲ್ಲಿ, ಶಾಲೆಯಲ್ಲಿ, ಮನೆಬಾಗಿಲಲ್ಲಿ ಅದನ್ನು ಹಿಡಿದು, ಇಂಥ ಕಾಯಿಲೆ ಯಾರಿಗಾದರೂ ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ಅಕ್ಷರ ಬಾರದವರಿಗೂ ಆ ಕಾರ್ಡು ಅರ್ಥವಾಗುತ್ತಿತ್ತು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ರೋಗ ಅಪರೂಪವಾದಂತೆಲ್ಲ ಅದರ ಮೊತ್ತ ಏರಿ ಸಾವಿರ ರೂಪಾಯಿ ಮುಟ್ಟಿತು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ರೋಗಿ ಪತ್ತೆಯಾದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತು ಸಿಡುಬುಮುಕ್ತ ಎಂದು ಘೋಷಿಸಿತು.

ಈ ಅಭಿಯಾನವನ್ನು ಅದೇ ಸಂಸ್ಥೆಗಾಗಿ ಕ್ಯಾಮೆರಾದಲ್ಲಿ ದಾಖಲಿಸಿದವರಲ್ಲಿ ಒಬ್ಬರು ಮೈಸೂರಿನ ಟಿ.ಎಸ್. ಸತ್ಯನ್.

ಪತ್ರಿಕೆ, ಜಾಹೀರಾತು, ಸ್ಟುಡಿಯೊಗಳ ಸಂಭಾವನೆಯಲ್ಲಿ ಸಂಸಾರ ತೂಗಿಸುತ್ತ, ಅದೇ ಕಸುಬನ್ನು ಬಡವರ, ರೋಗಿಗಳ, ಮಕ್ಕಳ ಕೆಲಸಕ್ಕೂ ತೊಡಗಿಸಿದ ಛಾಯಾಗ್ರಾಹಕರ ಒಂದು ಪರಂಪರೆ ಜಗತ್ತಿನಲ್ಲಿದೆ. ಆ ಪರಂಪರೆಯಲ್ಲಿ ಕನ್ನಡ ನಾಡಿನ ದೊಡ್ಡ ಹೆಸರು ಸತ್ಯನ್ ಅವರದು. 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಹುಟ್ಟಿದ ಅವರ ಪೂರ್ಣ ಹೆಸರು ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್. ಫೋಟೊ ತೆಗೆಯುವವರೆಂದರೆ ಮದುವೆ ಮನೆಯವರು ಇಲ್ಲವೇ ಸ್ಟುಡಿಯೊದವರು ಎಂದೇ ಜನ ತಿಳಿದಿದ್ದ ಕಾಲ ಅದು. ಸುದ್ದಿಯ ಛಾಯಾಗ್ರಹಣವನ್ನೇ ಜೀವನವೃತ್ತಿ ಮಾಡಿಕೊಳ್ಳುತ್ತೇನೆಂದರೆ ಮನೆಯವರು ಹೌಹಾರುವಂತಿದ್ದ ದಿನಗಳಲ್ಲಿ ಸತ್ಯನ್ ಆ ದಾರಿ ಹಿಡಿದರು. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಆರಂಭವಾದಾಗ ಅದರ ಛಾಯಾಗ್ರಾಹಕರಾದರು. ಅಲ್ಲಿಂದ ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’. ಆಮೇಲೆ ಯಾರ ನೌಕರಿಯೂ ಬೇಡವೆಂದು ಸ್ವತಂತ್ರ ವೃತ್ತಿ, ದೆಹಲಿ ವಾಸ. ‘ಲೈಫ್’, ‘ಟೈಮ್’, ‘ನ್ಯೂಸ್‌ವೀಕ್’ಗಳಂಥ ಅಮೆರಿಕದ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಅಚ್ಚಾದವು.

ಸ್ವತಂತ್ರ ಛಾಯಾಗ್ರಾಹಕರ ಬದುಕಿನ ಲೆಕ್ಕ ಹೊರಗಿನವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. ತಿಂಗಳ ಸಂಬಳವಿಲ್ಲ. ಫಿಲ್ಮು, ರಾಸಾಯನಿಕ, ಮುದ್ರಣದ ಕಾಗದ, ರೈಲು ಚಾರ್ಜು, ಎಲ್ಲವೂ ಮೊದಲು ಕೈಯಿಂದಲೇ ಹೋಗಬೇಕು. ಹಣ ಬರುವುದು ಚಿತ್ರ ಅಚ್ಚಾದ ಮೇಲೆ. ಹೀಗಿರುವಾಗ ವಿದೇಶಿ ಪತ್ರಿಕೆಯ ಒಂದು ಕೆಲಸವೆಂದರೆ ಹೆಸರಿನ ಜೊತೆಗೆ ಕೆಲವು ತಿಂಗಳ ನಿಶ್ಚಿಂತೆ. ಅಂಥ ಕೆಲಸಗಳು ಕೊಟ್ಟ ತರಬೇತಿಯೂ ದೊಡ್ಡದು. ಹೇಳಿದ ಗಡುವಿಗೆ ಚಿತ್ರ ಕೊಡಬೇಕು, ಒಂದೇ ಚಿತ್ರದಲ್ಲಿ ಕಥೆ ತಿಳಿಯಬೇಕು, ಹೆಸರು, ಊರು, ಸಂದರ್ಭಗಳು ಅಡಿಬರಹದಲ್ಲಿ ತಪ್ಪಿಲ್ಲದೆ ಇರಬೇಕು. ಇದೇ ಶಿಸ್ತನ್ನು ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಾಗಿ ಮಾಡಿದ ಕೆಲಸಕ್ಕೂ ಒಯ್ದರು.

ಅವರ ಕಣ್ಣು ಹೆಚ್ಚಾಗಿ ಹೋಗುತ್ತಿದ್ದುದು ಸಾಮಾನ್ಯರ ಕಡೆಗೆ. ಬೀದಿಯಲ್ಲಿ ಆಡುವ ಹುಡುಗರು, ಶಾಲೆಗೆ ಹೊರಟ ಮಕ್ಕಳು, ಕೆಲಸದಲ್ಲಿ ಮುಳುಗಿದ ಹೆಂಗಸರು ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಬಡತನವನ್ನು ಅವರು ಮುಚ್ಚಿಡಲಿಲ್ಲ, ಹಾಗೆಂದು ಮೆರೆಸಲೂ ಇಲ್ಲ. ಹರಕು ಅಂಗಿಯ ಹುಡುಗನ ಮುಖದಲ್ಲಿ ತುಂಟತನ ಕಂಡರೆ ಚಿತ್ರದಲ್ಲಿ ಉಳಿಯುತ್ತಿದ್ದುದು ಆ ತುಂಟತನವೇ. ವಿಶ್ವಸಂಸ್ಥೆ 1979ನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ, ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಏರ್ಪಡಿಸಿತು. ಭಾರತದ ಹಳ್ಳಿ ಪಟ್ಟಣಗಳ ಮಕ್ಕಳ ನಗು ಜಗತ್ತಿನ ರಾಯಭಾರಿಗಳು ಓಡಾಡುವ ಕಟ್ಟಡದ ಗೋಡೆಗೇರಿದ್ದು ಹೀಗೆ. ಅದಕ್ಕೆ ಎರಡು ವರ್ಷ ಮೊದಲೇ, 1977ರಲ್ಲಿ, ಅವರಿಗೆ ಪದ್ಮಶ್ರೀ ಬಂದಿತ್ತು. ಮುಂದೆ ಮೈಸೂರಿಗೆ ಮರಳಿ, ಇಂಗ್ಲಿಷಿನಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’, ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂಬ ನೆನಪಿನ ಪುಸ್ತಕಗಳನ್ನು ಬರೆದರು. 2009ರ ಡಿಸೆಂಬರ್ 13ರಂದು ಅಲ್ಲೇ ತೀರಿಕೊಂಡರು.

ಸತ್ಯನ್ ನಡೆದ ದಾರಿಯಲ್ಲಿ ಬೇರೆ ದೇಶಗಳವರೂ ನಡೆದಿದ್ದಾರೆ. ಸಂಪಾದನೆಗೂ ಸೇವೆಗೂ ನಡುವಿನ ಗಂಟನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡರು.

ಅಮೆರಿಕದ ಡೊರೊಥಿಯಾ ಲ್ಯಾಂಗ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶ್ರೀಮಂತ ಮನೆತನಗಳ ಭಾವಚಿತ್ರ ತೆಗೆಯುವ ಸ್ಟುಡಿಯೊ ನಡೆಸುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಅನ್ನಕ್ಕಾಗಿ ಸಾಲು ನಿಂತದ್ದನ್ನು ನೋಡಿ ಕ್ಯಾಮೆರಾ ಹಿಡಿದು ಬೀದಿಗಿಳಿದರು. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಅವರು ತೆಗೆದ ತಾಯಿ ಮಕ್ಕಳ ಚಿತ್ರ ಜಗತ್ಪ್ರಸಿದ್ಧ. ಆ ಸರಣಿಯ ಚಿತ್ರಗಳು ಪತ್ರಿಕೆಯಲ್ಲಿ ಬಂದ ಕೂಡಲೇ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್ ಆಹಾರ ಕಳಿಸಿತು. ಆದರೆ ಅಷ್ಟರಲ್ಲಿ ಚಿತ್ರದ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಮಕ್ಕಳೊಂದಿಗೆ ಬೇರೆಡೆ ಹೋಗಿಬಿಟ್ಟಿದ್ದರು. ಅವರ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ, ನಾಲ್ಕು ದಶಕಗಳ ನಂತರ. ಚಿತ್ರ ನೂರಾರು ಜನರ ಹಸಿವು ನೀಗಿಸಿತು, ಚಿತ್ರದೊಳಗಿನ ಹೆಂಗಸಿನ ಕೈಗೆ ಏನೂ ಬರಲಿಲ್ಲ. ಸೇವೆಗೆಂದು ಕ್ಯಾಮೆರಾ ಹಿಡಿಯುವವರು ಮೊದಲು ಓದಬೇಕಾದ ಪಾಠವಿದು.

ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಲ್ಗಾಡೊ ಅರ್ಥಶಾಸ್ತ್ರಜ್ಞರಾಗಿದ್ದವರು. ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ನೌಕರಿ ಬಿಟ್ಟು 1973ರಲ್ಲಿ ಛಾಯಾಗ್ರಹಣಕ್ಕೆ ಇಳಿದರು. 1984-85ರಲ್ಲಿ ಆಫ್ರಿಕಾದ ಸಾಹೇಲ್ ಪ್ರದೇಶ ಬರದಲ್ಲಿ ಬೆಂದಾಗ, ಗಡಿಯಿಲ್ಲದ ವೈದ್ಯರ ಸಂಘಟನೆಯ ಜೊತೆ ಅಲ್ಲಿ ಓಡಾಡಿ ಪುಸ್ತಕ ಮಾಡಿದರು. ಮುಂದೆ ಪೋಲಿಯೊ ನಿರ್ಮೂಲನ ಅಭಿಯಾನಕ್ಕಾಗಿ ಭಾರತ, ಪಾಕಿಸ್ತಾನ, ಸೊಮಾಲಿಯಾ, ಸುಡಾನ್, ಕಾಂಗೊಗಳಲ್ಲಿ ಲಸಿಕೆ ಹಾಕುವವರ ಬೆನ್ನುಹತ್ತಿ ಚಿತ್ರ ತೆಗೆದರು. ಇದೇ ಸಲ್ಗಾಡೊ ಇಟಲಿಯ ‘ಇಲ್ಲಿ’ (illy) ಎಂಬ ಕಾಫಿ ಕಂಪನಿಗಾಗಿ ಹಲವು ದೇಶಗಳ ಕಾಫಿ ಬೆಳೆಗಾರರನ್ನೂ ಚಿತ್ರಿಸಿದರು. 1998ರಲ್ಲಿ ಹೆಂಡತಿ ಲೇಲಿಯಾ ಜೊತೆಗೂಡಿ ಕಟ್ಟಿದ ‘ಇನ್‌ಸ್ಟಿಟ್ಯೂಟೊ ಟೆರಾ’ ಬ್ರೆಜಿಲ್‌ನಲ್ಲಿ ಅವರ ತಂದೆಯ ಬರಡಾದ ಜಮೀನನ್ನು ಮತ್ತೆ ಕಾಡು ಮಾಡಿತು. ಕಂಪನಿಯ ಕೆಲಸ ಒಪ್ಪಿಕೊಂಡದ್ದಕ್ಕೆ ಅವರನ್ನು ಟೀಕಿಸಿದವರಿದ್ದಾರೆ. ಆದರೆ ವರ್ಷಗಟ್ಟಲೆ ನಡೆಯುವ ದೊಡ್ಡ ಯೋಜನೆಗೆ ದುಡ್ಡು ಎಲ್ಲಿಂದಲಾದರೂ ಬರಲೇಬೇಕು. ದುಡ್ಡು ಕೊಟ್ಟವರು ಏನನ್ನು ತೋರಿಸಬಾರದು ಎಂದು ಹೇಳಿದರೆ ಛಾಯಾಗ್ರಾಹಕ ಏನು ಮಾಡುತ್ತಾನೆ ಎಂಬುದನ್ನು ನೋಡಿ ತೀರ್ಪು ಕೊಡುವುದು ನ್ಯಾಯ.

ಮೂರನೆಯವರು ಅಮೆರಿಕದ ನ್ಯಾಶ್‌ವಿಲ್‌ನ ಜೆರೆಮಿ ಕೊವಾರ್ಟ್. ಗಾಯಕರು, ನಟರ ಚಿತ್ರ ತೆಗೆದು ಹೆಸರು ಮಾಡಿದವರು. ‘ಹೆಲ್ಪ್ ಪೋರ್ಟ್ರೇಟ್’ ಎಂಬ ಚಳವಳಿ ಅವರದೇ ಕಲ್ಪನೆ. ಅದರ ಕ್ರಮ ಬಹಳ ಸರಳ. ಊರಿನ ಛಾಯಾಗ್ರಾಹಕರು ಒಂದು ದಿನ ಸೇರಿ, ಸ್ಟುಡಿಯೊಗೆ ಹೋಗುವ ಶಕ್ತಿಯಿಲ್ಲದವರನ್ನು ಕೂರಿಸಿ ಒಳ್ಳೆಯ ಭಾವಚಿತ್ರ ತೆಗೆದು, ಪ್ರತಿಯನ್ನು ಅವರ ಕೈಗೇ ಕೊಡಬೇಕು. 2010ರ ಜನವರಿಯಲ್ಲಿ ಹೈಟಿ ದೇಶವನ್ನು ಭೂಕಂಪ ಅಲುಗಿಸಿದ ಮೇಲೆ ಕೊವಾರ್ಟ್ ಅಲ್ಲಿಗೂ ಹೋದರು. ಬದುಕುಳಿದವರಿಗೆ ಹೇಳಬೇಕೆನಿಸಿದ ಮಾತನ್ನು ಕುಸಿದ ಕಟ್ಟಡಗಳ ಚೂರುಗಳ ಮೇಲೆ ಬರೆಯಲು ಹೇಳಿ, ಅದರೊಂದಿಗೇ ಅವರ ಚಿತ್ರ ತೆಗೆದರು. ಕರುಣೆ ಹುಟ್ಟಿಸುವ ಮುಖವಾಗಿ ಉಳಿಯದೆ, ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವ ಅವಕಾಶ ಜನರಿಗೆ ಸಿಕ್ಕಿತು.

1984-85ರ ಇಥಿಯೋಪಿಯಾ ಬರಗಾಲದ ಚಿತ್ರಗಳು ಜಗತ್ತಿನಿಂದ ಕೋಟಿಗಟ್ಟಲೆ ನೆರವು ತಂದವು. ಅದರ ಬೆನ್ನಿಗೇ ಪ್ರಶ್ನೆಯೂ ಎದ್ದಿತು: ಎಲುಬು ಕಾಣುವ, ಹೆಸರಿಲ್ಲದ ಮಗುವನ್ನು ತೋರಿಸಿ ಹಣ ಕೂಡಿಸುವುದು ಸರಿಯೇ? ಯುರೋಪಿನ ಸ್ವಯಂಸೇವಾ ಸಂಸ್ಥೆಗಳು 1989ರಲ್ಲಿ ಚಿತ್ರ ಮತ್ತು ಸಂದೇಶಗಳ ಬಗ್ಗೆ ನೀತಿಸಂಹಿತೆ ರೂಪಿಸಿಕೊಂಡವು. 2006ರಲ್ಲಿ ಅದನ್ನು ಪರಿಷ್ಕರಿಸಿದವು. ಚಿತ್ರದಲ್ಲಿರುವವರ ಒಪ್ಪಿಗೆ, ಘನತೆ, ಸಂದರ್ಭದ ಸತ್ಯ, ಇವೇ ಅದರ ತಿರುಳು. ಈ ಕ್ಷೇತ್ರದಲ್ಲಿ ಇಂದು ಗಂಭೀರವಾಗಿ ದುಡಿಯುವವರು ಚಿತ್ರ ತೆಗೆಯುವ ಮೊದಲು ಆ ಜನರ ಭಾಷೆಯಲ್ಲೇ ಒಪ್ಪಿಗೆ ಕೇಳುತ್ತಾರೆ, ಚಿತ್ರ ಎಲ್ಲಿ ಬಳಕೆಯಾಗುತ್ತದೆಂದು ಹೇಳುತ್ತಾರೆ, ಆಮೇಲೆ ಪ್ರತಿ ತಲುಪಿಸುತ್ತಾರೆ. ಮದುವೆಯ ಆಲ್ಬಂ ಮಾಡುವಾಗ ಇದೆಲ್ಲ ಸಹಜವಾಗಿಯೇ ನಡೆಯುತ್ತದೆ, ಏಕೆಂದರೆ ಅಲ್ಲಿ ಚಿತ್ರದಲ್ಲಿರುವವರೇ ಗಿರಾಕಿ. ದುಡ್ಡು ಕೊಡುವ ಗಿರಾಕಿಗೆ ಸಲ್ಲುವ ಮರ್ಯಾದೆಯನ್ನೇ ದುಡ್ಡು ಕೊಡಲಾಗದವರಿಗೂ ಸಲ್ಲಿಸಿದರೆ ಸೇವೆಯ ಕೆಲಸ ಅರ್ಧ ಸರಿಹೋದಂತೆಯೇ.

ಇಂಥ ಕೆಲಸಕ್ಕೆ ಹೈಟಿಗೋ ಆಫ್ರಿಕಾಕ್ಕೋ ಹೋಗಲೇಬೇಕೆಂದಿಲ್ಲ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ ಪೊಳ್ಳಾಚಿಗೆ ಸಮೀಪದ ನೆಗಮಂ ಊರನ್ನೇ ನೋಡಬಹುದು. ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ಅಲ್ಲಿ ಮಗ್ಗ ನಡೆಸುತ್ತ ಬಂದಿದ್ದಾರೆ. ಅವರ ಹತ್ತಿಯ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಪಕ್ಕದ ಜಿಲ್ಲೆಯ ತಿರುಪ್ಪೂರು ಹೋಸಿಯರಿ ಉಡುಪಿನ ರಫ್ತಿಗೆ ಜಗತ್ತಿನಲ್ಲೇ ಹೆಸರಾದ ಊರು. ಉಡುಪಿನ ವ್ಯಾಪಾರವಿದ್ದಲ್ಲಿ ಕ್ಯಾಟಲಾಗ್ ಚಿತ್ರ ಬೇಕು, ಕ್ಯಾಟಲಾಗ್ ಇದ್ದಲ್ಲಿ ಬೆಳಕು, ಪರದೆ, ಕ್ಯಾಮೆರಾ ಬಲ್ಲ ಕೈಗಳೂ ಇರುತ್ತವೆ. ಮೊಬೈಲಿನಲ್ಲಿ ಸೀರೆ ನೋಡಿ ಕೊಳ್ಳುವ ಈ ಕಾಲದಲ್ಲಿ ಕೈಮಗ್ಗದ ಮನೆಗೆ ಒಳ್ಳೆಯ ಚಿತ್ರವೆಂದರೆ ನೇರವಾಗಿ ಗಿರಾಕಿಯನ್ನು ತಲುಪುವ ದಾರಿ. ಅಂಚಿನ ಬಣ್ಣ ಸರಿಯಾಗಿ ಕಾಣುವ ಹಾಗೆ, ನೇಯ್ದವರ ಹೆಸರು ಅಡಿಬರಹದಲ್ಲಿ ಇರುವ ಹಾಗೆ ತೆಗೆದ ಚಿತ್ರ ನೇಕಾರರ ಸ್ವತ್ತಾಗಬಲ್ಲದು.

ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು, ಮೈಸೂರುಗಳಲ್ಲಿ ಸ್ಟುಡಿಯೊ ನಡೆಸುವ ಛಾಯಾಗ್ರಾಹಕರು ಮದುವೆಯ ಹಂಗಾಮು ಮುಗಿದು ಕೈ ಬಿಡುವಾದಾಗ ಹತ್ತಿರದ ಒಂದು ನೇಕಾರರ ಬೀದಿಯನ್ನೋ, ಒಂದು ಸರ್ಕಾರಿ ಶಾಲೆಯನ್ನೋ ಆರಿಸಿಕೊಳ್ಳಲಿ. ಒಪ್ಪಿಗೆ ಕೇಳಿ ತೆಗೆಯಲಿ, ಹೆಸರು ಬರೆದಿಡಲಿ, ಪ್ರತಿಯೊಂದು ಮನೆಗೂ ಒಂದೊಂದು ಪ್ರತಿ ತಲುಪಿಸಲಿ.